ಯಾರ ಪೈಕಿ

ಸಾಲಗಾಮೆ ರಸ್ತೆಯ ತಕ್ಕಡಿ ರಿಪೇರಿ ಅಂಗಡಿಯ ಮೇಲೆ
ನಮ್ಮ ಆಫೀಸು. ಏಳು ಜನ, ಕುಂಟುವ ಒಂದು ಫ್ಯಾನು.
ಕೆಳಗೆ ಇಮಾಮಣ್ಣ ಬಟ್ಟಿಗೆ ಬಟ್ಟು ಇಟ್ಟು ನೋಡುತ್ತಾನೆ,
ಮೇಲೆ ನಾವು, ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು.

ನಮ್ಮಲ್ಲಿರುವ ಬಟ್ಟು ಐದೇ.
ಮೈನಸ್ ಎರಡು ಅಂದರೆ ನಾನಿರುವ ತನಕ ಇದು ಒಳಗೆ ಬರದು.
ಮೈನಸ್ ಒಂದು, ಬೇಡ ಅನ್ನಿಸ್ತಿದೆ, ಆದರೂ ಅಡ್ಡ ಮಲಗಲ್ಲ.
ಸೊನ್ನೆ, ನೋಡಿದೆ ಅಷ್ಟೆ.
ಪ್ಲಸ್ ಒಂದು, ಚೆನ್ನಾಗಿದೆ, ಇನ್ಯಾರಾದರೂ ಹೇಳಲಿ.
ಪ್ಲಸ್ ಎರಡು,
ಆಗಲಿ. ಹೊಣೆ ನನ್ನದು.

ಯಾರು ಯಾವ ಬಟ್ಟು ಎತ್ತಬಹುದು?
ಇಷ್ಟು ತಿಳಿಯಲು ನಮ್ಮ ಟೂಲು ಅಲೆಯುವುದನ್ನು ಕೇಳಿ:
ಪ್ರಾಜೆಕ್ಟಿನ ಬಾಗಿಲಿಗೆ ಹೋಗಿ, ಇವರು ನಮ್ಮವರೇ?
ಗುಂಪಿನ ಪಟ್ಟಿಗೆ ಹೋಗಿ, ಇವರು ಯಾರ ಪೈಕಿ?
ಗುಂಪಿನೊಳಗಿನ ಗುಂಪಿಗೆ, ಅದರ ಸೋದರಮಾವನ ಮನೆಗೆ,
ಹಳೆ ವೋಟಿನ ದಫ್ತರಕ್ಕೆ, ಹಿಂದೆ ಯಾವತ್ತಾದರೂ ಹಾಕಿದ್ದುಂಟೇ?
ಕೊನೆಗೆ ಮೊದಲ ಬಾಗಿಲಿಗೇ ತಿರುಗಿ ಬಂದು,
ಆಗ ಹೇಳಿದಿರಲ್ಲ, ಈಗಲೂ ಹಂಗೇನಾ?

ಅರಸೀಕೆರೆ ಬಸ್ಸಿನಲ್ಲಿ ಒಬ್ಬಳು ಅಜ್ಜಿ ಹೀಗೇ,
ದುದ್ದ ಬರುವುದರೊಳಗೆ ನನ್ನ ಊರು, ಕೇರಿ, ಅಪ್ಪನ ಹೆಸರು, ಅಜ್ಜನ ಕೆಲಸ.
ಮುರಿಯಲು ಹಿಡಿದಿದ್ದ ಸೌತೆಕಾಯಿ
ಮೆಲ್ಲಗೆ ಚೀಲಕ್ಕೆ ವಾಪಸು ಹೋಯಿತು.

ಮೂರು ದಿನ ಕೂತು ಕಿತ್ತೆ.
ಈಗ ಒಂದೇ ಬಾಗಿಲು, ಒಂದೇ ಮಾತು:
ಈ ಕೈ, ಈ ಬದಲಾವಣೆಗೆ,
ಕೆಳಗೆ ಎಲ್ಲಿ ತನಕ, ಮೇಲೆ ಎಲ್ಲಿ ತನಕ?
ಉತ್ತರ ಎರಡು ಅಂಕಿ. ಮಿಕ್ಕ ವಿಚಾರಣೆ
ಆ ಬಾಗಿಲ ಹಿಂದೆ ಒಮ್ಮೆ ನಡೆದರೆ ಸಾಕು,
ಬೀದಿಯುದ್ದಕ್ಕೂ ಬೇಡ.

ಕೀಳುವಾಗ ಸಿಕ್ಕಿತು, ಮುನ್ನೂರ ಹದಿನೆಂಟನೇ ಸಾಲು:
ಬಳಕೆದಾರ ನಲವತ್ತೊಂದು ಆದರೆ ಏನೂ ಕೇಳಬೇಡ, ಬಿಡು.
ಬರೆದವನು ಜವರೇಶ. ಆರು ವರ್ಷದ ಹಿಂದೆ,
ರಾತ್ರಿ ಹನ್ನೊಂದು ನಲವತ್ತು.
ನಲವತ್ತೊಂದು ನಾನು.

ಆಗ ಡಿಪ್ಲೊಮಾ ಮುಗಿಸಿ ಬಂದ ಟ್ರೈನಿ.
ಅವನ ಕೋಡಿಗೇ ಮೊದಲ ಮೈನಸ್ ಹಾಕಲು ಹೋಗಿ
ಬಾಗಿಲು ಮುಚ್ಚಿದೆ ಎಂದು ಮುಖ ಸಣ್ಣ ಮಾಡಿಕೊಂಡಿದ್ದೆ.
ಮಾರನೇ ದಿನ ತೆರೆದಿತ್ತು.
ಹೊರೆ ಕೆಲಸ ನೋಡಿ ತೆರೆಯಿತು ಅಂದುಕೊಂಡೆ.
ಆರು ವರ್ಷ ಹಾಗೇ ಅಂದುಕೊಂಡಿದ್ದೆ.

ಕೇಳುವುದು ಒಂದು ಥರ ಪೈಕಿ ಆದರೆ
ಕೇಳದೆ ಬಿಡುವುದೂ ಒಂದು ಥರ.
ಕರ್ಸರ್ ಸ್ವಲ್ಪ ಹೊತ್ತು ಮಿಣುಕಿತು.
ಅಳಿಸಿದೆ.

ಒಟ್ಟು ಇನ್ನೂರ ಹನ್ನೆರಡು ಸಾಲು ಹೋಗಿ ಮೂವತ್ತೊಂದು ಬಂತು.
ನನ್ನ ಕೋಡಿಗೆ ನಾನು ವೋಟು ಹಾಕುವಂತಿಲ್ಲ, ಕಳಿಸಿದೆ.
ಜವರೇಶ ಎದುರು ಟೇಬಲ್ಲಿನಿಂದ ತಲೆಯೆತ್ತದೆ ಬರೆದ:
ಏನ್ ನಲವತ್ತೊಂದೂ, ಮುನ್ನೂರ ಹದಿನೆಂಟು ಯಾಕೆ ತೆಗೆದೆ?
ಬೇಕಿಲ್ಲ ಅಂತ ಬರೆದೆ.
ಮೈನಸ್ ಒಂದು ಬಿತ್ತು. ಜೊತೆಗೆ ಎರಡೇ ಪದ: ಟೆಸ್ಟ್ ಎಲ್ಲಿ?

ಅವನ ಮಾತು ಸರಿ. ಟೆಸ್ಟ್ ಬರೆದೆ:
ನಲವತ್ತೊಂದನ್ನು ಎಲ್ಲರ ಹಾಗೇ ಒಂದೇ ಬಾಗಿಲಿಗೆ ಕಳಿಸು,
ಎಷ್ಟು ಬರುತ್ತದೋ ನೋಡು.

ಬಂತು. ಕೆಳಗೆ ಒಂದು, ಮೇಲೆ ಒಂದು.

ಹಿರಿಯರ ಪಟ್ಟಿಯಲ್ಲಿ ನನ್ನ ಹೆಸರು ಯಾರೂ ಸೇರಿಸಿರಲೇ ಇಲ್ಲ,
ಸೇರಿಸುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.
ಆರು ವರ್ಷ ಆಗಲಿ, ಆಗಲಿ ಎಂದು ಹೊತ್ತ ಹೊಣೆ
ಸಾಲ ತಂದ ಬಟ್ಟು.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಎದ್ದರು.
ನಾನು ಕೂತು ಇನ್ನೊಂದು ಬದಲಾವಣೆ ಬರೆದೆ, ಒಂದೇ ಸಾಲು:
ಪಟ್ಟಿಗೆ ನನ್ನ ಹೆಸರು. ಪೂರ್ತಿ ಹೆಸರು, ಅಪ್ಪನ ಹೆಸರೂ ಸೇರಿ.
ಕಾರಣ ಎಂಬಲ್ಲಿ ಆರು ವರ್ಷದ ಕೆಲಸದ ಕೊಂಡಿಗಳು.
ಇಬ್ಬರ ಒಪ್ಪಿಗೆ ಬೇಕು. ಎಲ್ಲರಿಗೂ ಕಾಣುವಂತೆ ಕಳಿಸಿದೆ.

ಕರೆಂಟು ಹೋಯಿತು. ಫ್ಯಾನಿನ ಕುಂಟು ನಿಂತ ಮೇಲೆ
ಕೆಳಗಿನ ಸದ್ದು ಕೇಳಿಸಿತು,
ಇಮಾಮಣ್ಣ ಏನೂ ಇಡದೆ, ಬರೀ ತಟ್ಟೆಗಳನ್ನೇ
ಎತ್ತಿ ಹಿಡಿದು ನೋಡುತ್ತಿದ್ದ.